ಪರದೆಯ ಹಿಂದಿನ ದನಿಗೆ

ಸಿಂದಗಿಯ ರಸಿಕ ಮಹಾಜನಗಳೇ, ತಾಯಂದಿರೇ, ಗದ್ದಲ ನಿಲ್ಲಿಸಿ ಕೇಳಿರಿ!

ಮಶಾಕ ಮಾಮಾ, ಕಾಗದದಲ್ಲೂ ನನಗೆ ಸಣ್ಣ ದನಿ ಬರುವುದಿಲ್ಲ. ನಿಮ್ಮ ಗೋರಿಗೆ ಅಂಚೆಯವನು ಬರುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಈಗ ನಾನು ದುಡಿಯುವ ಭಾವನ ಹಿಟ್ಟಿನ ಗಿರಣಿಯಿಂದ ಬಿಡುಗಡೆಗೆ ನನಗೆ ಕಂಡದ್ದು ಒಂದೇ ಬಾಗಿಲು: ಜಪಾನಿನ ವೃದ್ಧಾಶ್ರಮದ ಕೆಲಸ. ಅದಕ್ಕಾಗಿ ಮೊಬೈಲಿನಲ್ಲಿ ಪಾಠ ಕೇಳಿ ಜಪಾನಿ ಕಲಿತೆ. ಕಿವಿಯೊಳಗೆ ಒಬ್ಬಳು ಒಂದು ಮಾತು ಹೇಳಿ ಸುಮ್ಮನಾಗುತ್ತಾಳೆ. ನಾನು ಅದನ್ನೇ ಹೇಳಬೇಕು. ನಾಟಕದಲ್ಲಿ ಪರದೆಯ ಹಿಂದಿನಿಂದ ನೀವು ಮಾತನ್ನು ಪಿಸುಗುಟ್ಟಿ ಹೇಳಿಕೊಡುತ್ತಿದ್ದಿರಿ, ನಾನು ಅದನ್ನೇ ಗರ್ಜಿಸುತ್ತಿದ್ದೆ, ಹಾರ ನನ್ನ ಕೊರಳಿಗೆ ಬೀಳುತ್ತಿತ್ತು. ಹಾಗೇ.

ಇಂದು ವಿಡಿಯೊ ಕರೆಯಲ್ಲಿ ಸಂದರ್ಶನವಿತ್ತು. ಆಶ್ರಮ ನೋಡಿಕೊಳ್ಳುವ ಹೆಂಗಸು, "ಇಲ್ಲಿಗೆ ಏಕೆ ಬರಬೇಕೆಂದಿದ್ದೀರಿ?" ಎಂದು ತಮ್ಮ ಭಾಷೆಯಲ್ಲಿ ಕೇಳಿ ಸುಮ್ಮನಾದರು. ನಾನು ಎದೆಯುಬ್ಬಿಸಿ, ಕೈ ಚಾಚಿ, ಅದೇ ಪ್ರಶ್ನೆಯನ್ನು ಗರ್ಜಿಸಿದೆ! ಆಕೆ ಮತ್ತೆ ಕೇಳಿದರು. ನಾನು ಇನ್ನೂ ಜೋರಾಗಿ ಗರ್ಜಿಸಿದೆ.

ಪಕ್ಕದಲ್ಲಿದ್ದ ನನ್ನ ಹೆಂಡತಿ ಸುಂದರವ್ವ ತೊಡೆ ಚಿವುಟಿದಳು. "ಆಕಿ ಹೇಳಿಕೊಡಾಕತ್ತಿಲ್ರಿ, ಕೇಳಾಕತ್ತಾಳ! ನಿಮ್ಮದ ಏನರೆ ಒಂದು ಮಾತ ಆಡ್ರಿ!"

ನನ್ನದು? ಬಾಯಿ ತೆರೆದೆ. ಜಪಾನಿ ಬರಲಿಲ್ಲ, ಕನ್ನಡವೂ ಬರಲಿಲ್ಲ. ಕಿವಿ ಮಾತ್ರ ನಿಮ್ಮ ದನಿಗಾಗಿ ಕಾಯುತ್ತಿತ್ತು. ಆಕೆ ತಲೆಬಾಗಿ ವಂದಿಸಿ, ಮುಂದಿನ ವಾರ ಇನ್ನೊಮ್ಮೆ ಮಾತಾಡೋಣ ಎಂದರು. ಇನ್ನೊಮ್ಮೆ ಮಾತ್ರ.

ನಾಳೆ ಬೆಳಿಗ್ಗೆ, ಭಾವ ಗಿರಣಿಗೆ ಬರುವ ಮೊದಲೇ, ಆ ಪಾಠ ಹಾಕುತ್ತೇನೆ. ಕಿವಿಯೊಳಗಿನವಳು ಸುಮ್ಮನಾದಾಗ ನಾನೂ ಸುಮ್ಮನಿರುತ್ತೇನೆ, ನನ್ನದೊಂದು ಮಾತು ಬರುವತನಕ.