ಸೊನಾಟಾದ ತಿರುವು

17 ಸೆಪ್ಟೆಂಬರ್, ಮಂಗಳವಾರ

...ಅಲ್ಲ, ಎರಡು ಸುತ್ತೇ ಇರಬೇಕು. ನಿನ್ನೆ ಮೂರು ಎಂದು ಬರೆದೆ. ಈಗ ಖಾತ್ರಿಯಿಲ್ಲ. ಭಾನುವಾರದ ಕಛೇರಿಯಲ್ಲಿ ಪಿಯಾನೊ ಮೇಲೆ ಬೆರಳುಗಳು ನಡೆಯುತ್ತಲೇ ಇದ್ದವು, ನಾನೆಲ್ಲಿದ್ದೆನೋ.

ಈ ಸೊನಾಟಾದ ಕಟ್ಟೇ ಹಾಗೆ. ಮೊದಲಲ್ಲಿ ಬಂದದ್ದು ಕೊನೆಗೆ ಮತ್ತೆ ಬರುತ್ತದೆ, ಹೆಚ್ಚುಕಡಿಮೆ ಅದೇ ಸ್ವರಗಳು, ಒಂದು ತಿರುವಿನ ತನಕ. ಮೊದಲ ಸಲ ಅಲ್ಲಿಂದ ಹೊರಗೆ ಹೊರಡಬೇಕು, ಕೊನೆಯ ಸಲ ಮನೆಗೆ ತಿರುಗಬೇಕು. ತಪ್ಪಿ ಮತ್ತೆ ಹೊರಟರೆ ನಡುವಿನದೆಲ್ಲ ಇನ್ನೊಮ್ಮೆ ನುಡಿಸಿ ಅದೇ ತಿರುವಿಗೆ ಬರಬೇಕು. ಕಲಿಯುವವರು ಮಾಡುವ ತಪ್ಪು, ಭಾನುವಾರ ನಾನು ಮಾಡಿದೆ. ಜನಕ್ಕೆ ಗೊತ್ತಾಗಲಿಲ್ಲ. ಯಾರೋ ಕೆಮ್ಮಿದರು, ಆಮೇಲೆ ಚಪ್ಪಾಳೆ.

ಹೆಂಡತಿ ಇರ್ಮಿನಾ ತೀರಿಹೋದ ಮೇಲೆ ಇದೇ ಮೊದಲ ಕಛೇರಿ. ಕಾಲೇಜಿನ ಇಂಗ್ಲಿಷಿನಲ್ಲಿ ಇದಕ್ಕೊಂದು ಮಾತಿತ್ತು... ಆಬ್ಸೆಂಟ್ ಮೈಂಡ್. ಮೈಂಡ್ ಆಬ್ಸೆಂಟೋ, ಮನುಷ್ಯನೇ ಆಬ್ಸೆಂಟೋ. ಮೇಷ್ಟ್ರು ಏನು ಹೇಳಿದ್ದರೋ ಮರೆತೆ. ನೋಡು, ಮರೆವು.

19, ಗುರುವಾರ

ಲುಡೊಮಿರ್ ಬಂದಿದ್ದ. ನನ್ನ ಹಳೆಯ ಶಿಷ್ಯ. ಈಗ ಕ್ರಾಕೋವ್‌ನ ಸಭಾಂಗಣದಲ್ಲಿ ಯಾರು ಯಾವಾಗ ನುಡಿಸಬೇಕೆಂದು ಗೊತ್ತುಮಾಡುವವನು ಅವನೇ. ಚಹಾದ ಲೋಟ ತಿರುಗಿಸುತ್ತ ಕೂತ.

"ಪ್ರೊಫೆಸರೇ, ಭಾನುವಾರ ನಾನೂ ಬಂದಿದ್ದೆ."

"ಹಾಗಾದ್ರೆ ನೀನೇ ಹೇಳು. ಎಷ್ಟು ಸುತ್ತು ಹೊಡೆದೆ?"

"ಎಣಿಸ್ಲಿಲ್ಲ. ಕೈ ಬೆವತಿತ್ತು."

"ನುಡಿಸ್ತಿದ್ದೋನು ನಾನು, ಬೆವತಿದ್ದು ನೀನಾ?"

ನಗಲಿಲ್ಲ. "ಬರೋ ತಿಂಗಳು ಹನ್ನೆರಡಕ್ಕೆ ನಿಮ್ಮ ಎಪ್ಪತ್ತನೇ ಹುಟ್ಟುಹಬ್ಬದ ಕಛೇರಿ. ವಾರ್ಸಾದಿಂದೆಲ್ಲ ಬರ್ತಾರೆ. ಎದುರಿಗೆ ಸ್ವರಲಿಪಿ ಪುಸ್ತಕ ಇಟ್ಕೊಳ್ಳಿ. ಇಲ್ಲಾಂದ್ರೆ ಆ ಸೊನಾಟಾನೇ ಬಿಟ್ಬಿಡಿ. ಇನ್ನೊಂದ್ಸಲ ಹಾಗಾದ್ರೆ ಪತ್ರಿಕೆಯೋರು ಸುಮ್ನಿರಲ್ಲ."

ಒಬ್ಬನೇ ನುಡಿಸುವವನು ಪುಸ್ತಕ ಇಟ್ಟುಕೊಳ್ಳುವುದೆಂದರೆ ಊರುಗೋಲು ಹಿಡಿದು ಹಸೆಮಣೆ ಏರಿದಂತೆ. ಅವನಿಗೂ ಗೊತ್ತು. ನಾನೇ ಕಲಿಸಿದ್ದು. ಆಗಲಿ ಎಂದೆನೋ ನೋಡೋಣ ಎಂದೆನೋ. ಆಗಲೇ ಗೊಂದಲ.

2 ಅಕ್ಟೋಬರ್

ಪುಸ್ತಕವಿದ್ದರೆ ಹಾಳೆ ಮಗುಚಲು ಪಕ್ಕಕ್ಕೊಬ್ಬರು ಬೇಕು. ಶಿಷ್ಯರು ಬೇಡ — ಕನಿಕರದಿಂದ ನೋಡುತ್ತಾರೆ. ಕೆಳಗಿನ ಮನೆಯ ಕಾಜಿಮಿಯೆರಾಳನ್ನು ಕರೆದೆ. ಇರ್ಮಿನಾಳ ಅಕ್ಕ. ಸ್ವರಲಿಪಿ ಓದಲು ಬಾರದು. ನಾನು ತಲೆಯಾಡಿಸಿದಾಗ ಮಗುಚಬೇಕೆಂದು ಒಪ್ಪಂದ.

ಮೊದಲ ಹಾಳೆ ಅರ್ಧವೂ ಆಗಿರಲಿಲ್ಲ, ಮಗುಚಿದಳು.

"ನಾನು ತಲೆ ಆಡಿಸಲಿಲ್ಲ, ಕಾಜಿಯಾ."

"ಆಡಿಸ್ದೆ. ಬಾತುಕೋಳಿ ಥರ ಆಡಿಸ್ತಾನೇ ಇರ್ತೀಯ. ಇರ್ಮಿನಾ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಇನ್ನೂ ಏನೇನು ಹೇಳದೆ ಇಟ್ಟುಕೊಂಡಿದ್ದಳೋ.

"ಸರಿ, ಹೂಂ ಅಂತೀನಿ. ಆಗ ಮಗುಚು."

"ಹೂಂ ಅಂತಾನೂ ಅಂತಿರ್ತೀಯ ಕಣೋ ವಾಲೆಕ್. ಹಸು ಮೆಲುಕು ಹಾಕಿದ ಹಾಗೆ. ಬೇಕಾದ್ರೆ ಕಾಲು ತುಳಿ. ಮೆತ್ತಗೆ, ಇದು ಒಳ್ಳೇ ಚಪ್ಪಲಿ."

ಕಾಲು ತುಳಿದೆ. ನಡೆಯಿತು. ಪುಸ್ತಕ ನೋಡಿಕೊಂಡು ತಿರುವಿನಲ್ಲಿ ಸರಿಯಾಗಿ ತಿರುಗಿದೆ. ಕೊನೆಯ ಸ್ವರ ನುಡಿಯಿತು.

"ಮುಗೀತಾ?" ಎಂದಳು.

ಮುಗಿಯಿತು. ಎಲ್ಲ ಸರಿಯಾಗಿತ್ತು. ಆದರೂ ಎದೆ ಧಸಕ್ಕೆಂದಿತು... ಯಾಕೆ? ತಪ್ಪಿದ ದಿನ ಹೀಗಾಗಿರಲಿಲ್ಲ.

12 ಅಕ್ಟೋಬರ್, ಶನಿವಾರ — ಸಂಜೆ

ಇಷ್ಟು ದಿನ ಬರೆಯಲಿಲ್ಲ. ಇವತ್ತೇ ಕಛೇರಿ. ಲುಡೊಮಿರ್ ಬೆಳಿಗ್ಗೆಯೇ ಫೋನ್ ಮಾಡಿದ: ಪಿಯಾನೊ ಮೇಲೆ ಪುಸ್ತಕದ ಹಲಗೆ ಇರಿಸಲೋ, ತೆಗೆಸಲೋ? ಬಂದು ಹೇಳುತ್ತೇನೆ ಎಂದೆ.

ಊಟವಾದ ಮೇಲೆ ಪುಸ್ತಕ ಮುಚ್ಚಿ ಕೂತೆ. ಒಬ್ಬನೇ. ಆ ತಿರುವಿಗೆ ಬಂದಾಗ ನನ್ನನ್ನೇ ಕಾದು ನೋಡಿದೆ. ಎರಡು ದಾರಿಯೂ ಸ್ಪಷ್ಟವಾಗಿತ್ತು. ಕೈಗೂ ಗೊತ್ತಿತ್ತು. ಗೊತ್ತಿದ್ದೂ ಹೊರಗಿನ ದಾರಿ ಹಿಡಿದೆ. ಇನ್ನೊಂದು ಸುತ್ತು. ಮತ್ತೊಂದು.

ಮರೆವಲ್ಲ. ಮರೆವಾಗಿದ್ದರೆ ವಾಸಿ, ಪುಸ್ತಕ ಇಟ್ಟರೆ ಮುಗಿಯಿತು. ಹಾಗಾದರೆ ಇದೇನು?

ನುಡಿಸಿ ಮುಗಿಸಿದರೆ ಎದ್ದು ಬಾಗಬೇಕು. ಬಾಗಿದ ಮೇಲೆ ಪರದೆಯ ಹಿಂದೆ ಹೋಗಬೇಕು. ಅಲ್ಲಿ ಒಂದು ಕುರ್ಚಿ. ಯಾವ ಊರಾದರೂ ಅಲ್ಲಿ ಇರ್ಮಿನಾ ಕೂತಿರುತ್ತಿದ್ದಳು, ಮಡಿಲಲ್ಲಿ ನನ್ನ ಕೋಟು. ಚೆನ್ನಾಗಿತ್ತು ಅಂತಲೂ ಅನ್ನುತ್ತಿರಲಿಲ್ಲ. "ನಡಿ, ಹಸಿವಾಗ್ತಿದೆ." ಆ ಭಾನುವಾರ ಅದರ ಮೇಲೆ ಯಾರದೋ ಪಿಟೀಲಿನ ಪೆಟ್ಟಿಗೆ.

ನುಡಿಸುತ್ತಿರುವಷ್ಟು ಹೊತ್ತು ಆ ಕುರ್ಚಿ ಕಾಣುವುದಿಲ್ಲ.

ಕಾಜಿಯಾ ನೀಲಿ ಉಡುಪು ತೊಟ್ಟು ಹತ್ತಿಬಂದಳು. "ಪುಸ್ತಕ ತಗೊಳ್ಳಲಾ, ಬೇಡ್ವಾ? ಕಡೇ ಗಳಿಗೇಲಿ ಕುಣಿಸ್ಬೇಡ."

"ತಗೋ."

"ಖಂಡಿತಾನಾ?"

"ಮುಗಿಯೋ ತನಕ ಪಕ್ಕದಲ್ಲೇ ಇರು. ಮುಗಿದ ಮೇಲೂ ಎದ್ದು ಹೋಗ್ಬೇಡ."

"ಎಲ್ಲಿ ಹೋಗ್ಲಿ? ನನ್ನ ಕಾಲು ನಿನ್ನ ಬೂಟಿನ ಕೆಳಗಿರುತ್ತಲ್ಲ."

ಇಳಿದು ಹೋದಳು. ಪುಸ್ತಕ ದಾರಿ ತೋರಿಸೀತು, ನಡೆಯಬೇಕಾದವನು ನಾನು. ನಡೆದೇನೋ ಇಲ್ಲವೋ, ಈಗಲೂ ತಿಳಿಯದು. ಕಿಟಕಿಯ ಬೆಳಕು ಇಳಿಯುತ್ತಿದೆ, ಗೆರೆ ಕಾಣುತ್ತಿಲ್ಲ. ದೀಪ ಹಾಕಿದರೆ ಇನ್ನಷ್ಟು ಬರೆಯಬಹುದು. ಬೇಡ. ಇಲ್ಲಿಗೆ ಮುಗಿಸಿದೆ.