ಒಂಬತ್ತನೆಯ ಸಾಲು

ಜುಲೈ 3, ಬೆಳಿಗ್ಗೆ 7
ಆಗಸ್ಟ್ ಗೆಸ್ಟ್‌ಗಳಿಗೆ ‘ಹೊರಡುವ ಮುನ್ನ’ ಪತ್ರ ಕಳಿಸಬೇಕು. ಈ ಸಫಾರಿ ಕ್ಯಾಂಪಿನ ಆಫೀಸಿಗೆ ಸೇರಿದಾಗಿನಿಂದ, ಹನ್ನೊಂದು ವರ್ಷ, ನನ್ನದೇ ಕೆಲಸ. ಹತ್ತು ಸಲಹೆ. ಪ್ರಾಸವಿಲ್ಲದೆ ಬರೆದರೆ ಯಾರೂ ಓದುವುದಿಲ್ಲ — ಬರೆದು ನೋಡಿದ್ದೇನೆ.

ಗಟ್ಟಿ ಪೆಟ್ಟಿಗೆ ಬೇಡ, ಮೆತ್ತನೆ ಚೀಲ ತನ್ನಿ;
ಪುಟ್ಟ ವಿಮಾನಕ್ಕೂ ಹೊಟ್ಟೆ ಚಿಕ್ಕದು ಎನ್ನಿ.

ನೀಲಿ ಬಟ್ಟೆ ತೊಟ್ಟರೆ ತ್ಸೆತ್ಸೆ ನೊಣಕ್ಕೆ ಹಬ್ಬ;
ಕಚ್ಚಿಸಿಕೊಂಡ ಮೇಲೆ ಅನ್ನುವಿರಿ ಅಬ್ಬಬ್ಬ.

ಆಫ್ರಿಕಾ ಎಂದರೆ ಸೆಕೆ ಅಂದುಕೊಂಡು ಬಂದವರು
ಚಳಿಗಾಲದ ಜೀಪಿನಲ್ಲಿ ನಮ್ಮ ಕಂಬಳಿ ಹೊದ್ದವರು.

ಮಲೇರಿಯಾ ಮಾತ್ರೆಗೆ ಮಾತ್ರ ಪ್ರಾಸ ಸಿಗಲಿಲ್ಲ. ‘ವೈದ್ಯರನ್ನು ಕೇಳಿ’ ಎಂದು ಬಿಟ್ಟಿದ್ದೇನೆ.

ಒಬ್ಬಾಕೆಯ ಮೇಲ್: ಟೆಂಟಿನಲ್ಲಿ ಹೇರ್ ಡ್ರೈಯರ್ ಇದೆಯೇ? ಇದೆ, ಗಾಳಿ ಅಂತ ಹೆಸರು — ಎಂದು ಬರೆದೆ. ಅಳಿಸಿದೆ. ‘ಇಲ್ಲ, ಕ್ಷಮಿಸಿ’ ಎಂದು ಕಳಿಸಿದೆ.

ಜುಲೈ 4, ಬೆಳಿಗ್ಗೆ 11
ನಾವೆಲ್ಲ ‘ರ್ರಾ’, ಅಯ್ಯಾ, ಎಂದು ಕರೆಯುವ ಮೊಗಲಕ್ವೆ ಇವತ್ತು ದೋಣಿ ಬಿಡಲಿಲ್ಲ. ಅರವತ್ತೆರಡು ವಯಸ್ಸು. ನಮ್ಮ ಅಂಬಿಗರಲ್ಲೇ ಹಿರಿಯರು. ಹನ್ನೆರಡು ವರ್ಷದವರಿದ್ದಾಗಿನಿಂದ ಮೊಕೊರೊ ದೋಣಿಯ ಹಿಂತುದಿಯಲ್ಲಿ ನಿಂತು ಗಳ ಹಾಕುತ್ತಿರುವವರು.

ಇಬ್ಬರು ಗೆಸ್ಟ್ ದೋಣಿಯಲ್ಲಿ ಕಾಲು ಚಾಚಿ ಕುಳಿತಾಗಿತ್ತು. ಇವರು ಗಳದಿಂದ ದೋಣಿಯ ಪಕ್ಕೆಗೆ ತಟ್ಟಿದರು. ತಟ್ಟಿದರೆ ನೀರಾನೆಗಳು ತಲೆ ಎತ್ತಿ ನೋಡುತ್ತವೆ, ಆಗ ಎಣಿಸಬೇಕು. ಐದು ತಲೆ. ನಿನ್ನೆ ಆರಿತ್ತು. ಗೆಸ್ಟ್‌ಗಳನ್ನು ಇಳಿಸಿದರು. ನಲವತ್ತು ನಿಮಿಷ ಕಾದರು. ಐದೇ.

ನಾನು ದಡಕ್ಕೆ ಹೋಗಿ ಏನು ಸಮಾಚಾರ ಎಂದು ಕೇಳಿದೆ.

“ಕಾಣೋ ಐದಕ್ಕೆ ನಂಗೇನೂ ಭಯ ಇಲ್ಲ ಮ್ಮಾ ಸೆಬಿನಾ. ಕಾಣದೆ ಇರೋದು ಎಲ್ಲಿದೆ ಅಂತ ಹೇಳು, ಈಗ್ಲೇ ಹೊರಡ್ತೀನಿ.”

ನನಗೆಲ್ಲಿ ಗೊತ್ತು. ವಾಪಸ್ ಬಂದೆ.

ಜುಲೈ 5
ಗೆಸ್ಟ್‌ಗಳು ಒಂದೇ ಒಂದು ಸ್ಟಾರ್ ಕೊಟ್ಟು ಹೋದರು. ‘ಸೋಮಾರಿ ಅಂಬಿಗ’ ಎಂದು ಬರೆದಿದ್ದಾರೆ. ವಾರೆನ್ — ನಾಲ್ಕು ತಿಂಗಳ ಹಿಂದೆ ಜೊಹಾನ್ಸ್‌ಬರ್ಗ್‌ನಿಂದ ಬಂದ ಹೊಸ ಮ್ಯಾನೇಜರ್ — ಹೋಟೆಲು ನಡೆಸಿದವನು, ಹೊಳೆ ಕಂಡವನಲ್ಲ. ಮೊಗಲಕ್ವೆಯವರನ್ನು ಸರದಿಪಟ್ಟಿಯಿಂದ ತೆಗೆದ. ಇನ್ನು ಅವರು ದೋಣಿ ಮುಟ್ಟುವಂತಿಲ್ಲ. ಆಮೇಲೆ ನನ್ನ ಮೇಜಿನ ಹತ್ತಿರ ಬಂದ. ಕೈಯಲ್ಲಿ ನನ್ನ ಪತ್ರ, ಒಂಬತ್ತನೆಯ ಸಲಹೆಯ ಸಾಲಿನ ಮೇಲೆ ಕೆಂಪು ಗೆರೆ.

ನೀರಿನ ಮೇಲೆ ನಿಮ್ಮ ದುಡ್ಡು ದೊಡ್ಡದಲ್ಲ;
ಅಂಬಿಗ ಬೇಡ ಎಂದರೆ ಮುಂದೆ ಮಾತೇ ಇಲ್ಲ.

ಈ ಸಾಲಿನಿಂದಲೇ ಅಂಬಿಗರ ತಲೆ ತಿರುಗಿದೆಯಂತೆ. ತೆಗೆಯಬೇಕಂತೆ. ಬೇಕಾದರೆ ಅದರ ಜಾಗದಲ್ಲಿ ಸೂರ್ಯಾಸ್ತದ ಬಗ್ಗೆ ಏನಾದರೂ ‘ಮುದ್ದಾಗಿ’ ಬರೆಯಬಹುದಂತೆ.

ಆ ಸಾಲು ಹೇಗೆ ಬಂತೆಂದು ಹೇಳಿದೆ. ಆರು ವರ್ಷದ ಹಿಂದೆ ಮೊಗಲಕ್ವೆಯವರ ತಮ್ಮ ಗೆಸ್ಟ್ ಒಬ್ಬನ ಹಟಕ್ಕೆ ಮಣಿದು ಹೊರಟ. ನೀರಾನೆ ದೋಣಿ ಮಗುಚಿತು. ಗೆಸ್ಟ್ ಈಜಿ ದಡ ಸೇರಿದ. ತಮ್ಮ ಸೇರಲಿಲ್ಲ. ಮರುದಿನ ಬರೆದ ಸಾಲು ಅದು.

ವಾರೆನ್ ತಲೆ ಆಡಿಸಿದ. ದುಃಖದ ಸಂಗತಿ ಅಂದ. ಆದರೂ ತೆಗೆಯಿರಿ ಅಂದ.

ತೆಗೆಯುವುದಿಲ್ಲ. ಅವನೆದುರು ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಹೇಡಿತನದ ಮೊದಲ ಕರಡು.

ಜುಲೈ 6
ಅವನೆದುರೇ ಹೇಳಿದೆ. “ತೆಗೆಯಲ್ಲ.” ಒಂದೇ ಪದ, ಪ್ರಾಸವಿಲ್ಲ.

ಜುಲೈ 9, ಮಧ್ಯಾಹ್ನ
ಮೊಗಲಕ್ವೆಯವರು ವಿಷಯವನ್ನು ಊರ ಪಂಚಾಯಿತಿಗೆ, ಖೊತ್ಲಾಕ್ಕೆ, ಒಯ್ದರು. ಕ್ಯಾಂಪು ವಾರೆನ್‌ನ ಕಂಪನಿಯದಾದರೂ ಹೊಳೆಯೂ ದೋಣಿಗಳೂ ಊರಿನವು. ಅಲ್ಲಿನ ಪದ್ಧತಿಯಂತೆ ಪ್ಯಾಂಟ್ ಬಿಟ್ಟು ಉದ್ದ ಸ್ಕರ್ಟ್ ಉಟ್ಟೆ, ಶಾಲು ಹೊದ್ದೆ, ಮರದಡಿ ನೆಲದ ಮೇಲೆ ಹೆಂಗಸರ ಜೊತೆ ಕುಳಿತೆ. ವಾರೆನ್‌ಗೆ ಕುರ್ಚಿ.

ಮೊದಲು ಅವನೇ ಮಾತಾಡಿದ. ಹದಿನೈದು ನಿಮಿಷ. ಗ್ರಾಹಕ, ಗುಣಮಟ್ಟ, ಸ್ಪರ್ಧೆ. ಮುಗಿಸಿ ಸುತ್ತ ನೋಡಿದ. ಯಾರೂ ಉಸಿರೆತ್ತಲಿಲ್ಲ. ಎಲ್ಲರೂ ಒಪ್ಪಿದರು ಅಂದುಕೊಂಡ, ಪಾಪ. ಥ್ಯಾಂಕ್ಸ್ ಹೇಳಿದ, ಕಾರು ಹತ್ತಿದ, ಹೋದ.

ಖೊತ್ಲಾದಲ್ಲಿ ಮೌನ ಅಂದರೆ ಜನ ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ ಅಂತ. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಬಹುದಿತ್ತು. ಸಲಹೆ ಕೊಡುವುದೇ ನನ್ನ ಕೆಲಸ. ಕೊಡಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ: “ಆ ಹುಡುಗ ಬಾಯಿ ತಂದಿದ್ದ, ಕಿವಿ ಮನೇಲಿ ಬಿಟ್ಟು ಬಂದಿದ್ದ.”

ಊರ ಮುಖ್ಯಸ್ಥರು ಕೂಡ ನಕ್ಕರು. ಪ್ರಾಸ ನನ್ನದಕ್ಕಿಂತ ಚೆನ್ನಾಗಿತ್ತು. ಹೊಟ್ಟೆ ಉರಿಯಿತು.

ಆಮೇಲೆ ಮೂರು ಗಂಟೆ. ಅಂಬಿಗರು, ಅಂಬಿಗರ ಹೆಂಡಿರು, ದೋಣಿಯನ್ನೇ ಹತ್ತದ ಒಬ್ಬ ಟೈಲರ್ ಕೂಡ. ನನ್ನ ಸರದಿ ಬಂದಾಗ ಎದ್ದು ನಿಂತು ಒಂಬತ್ತನೆಯ ಸಾಲು ಓದಿದೆ. ಅಷ್ಟೇ. ಕೂತೆ.

ಮೊಗಲಕ್ವೆಯವರು ತಮ್ಮನ ಹೆಸರು ಎತ್ತಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ಇಷ್ಟೇ ಹೇಳಿದರು: “ನಂಗೆ ಕೆಲಸ ವಾಪಸ್ ಕೊಡಿ ಅಂತ ಬೇಡೋಕೆ ಬಂದಿಲ್ಲ. ‘ಬೇಡ’ ಅನ್ನೋ ಹಕ್ಕು ಇಲ್ದೆ ಇದ್ರೆ ಆ ಕೆಲಸ ನಂಗೂ ಬೇಡ, ದೋಣಿ ಬಿಡೋ ನನ್ನ ಅಳಿಯನಿಗೂ ಬೇಡ.”

ಎಲ್ಲರದೂ ಮುಗಿದ ಮೇಲೆ, ಕೊನೆಯಲ್ಲಿ ಮುಖ್ಯಸ್ಥರು. ಸರದಿಪಟ್ಟಿ ಊರಿನದು, ಕ್ಯಾಂಪಿನದಲ್ಲ. ಮೊಗಲಕ್ವೆ ಮೊದಲಿನಂತೆ ಗಳ ಹಿಡಿಯುತ್ತಾರೆ. ಅವರ ಮಾತು ಬೇಡದ ಕ್ಯಾಂಪಿಗೆ ಊರಿನ ದೋಣಿಯೂ ಬೇಡ. ಜನ ಒಟ್ಟಿಗೆ ‘ಪುಲಾ’ ಎಂದರು. ಮಳೆ ಬರಲಿ ಅಂತ, ನಮ್ಮ ಒಪ್ಪಿಗೆಯ ಕೂಗು. ಇಲ್ಲಿ ಜುಲೈ ಅಂದರೆ ಚಳಿಗಾಲ, ಮಳೆ ಬರುವುದಿಲ್ಲ, ಆದರೂ.

ಜುಲೈ 10
ತೀರ್ಪನ್ನು ವಾರೆನ್‌ಗೆ ನಾನೇ ತಿಳಿಸಬೇಕಾಯಿತು. “ಮೀಟಿಂಗ್ ಮುಗಿದಿತ್ತಲ್ಲ?” ಅಂದ. ಆಗಷ್ಟೇ ಶುರುವಾಗಿತ್ತು ಅಂದೆ.

ಮೊಗಲಕ್ವೆ ಬರಲಿ, ಒಪ್ಪಿದ್ದೇನೆ ಅಂದ. ಆದರೆ ಪತ್ರ ಕಂಪನಿಯದು, ಊರಿನದಲ್ಲ, ಸಾಲು ಇರಕೂಡದು. ಉಪಾಯ ಅರ್ಥವಾಯಿತು. ಗೆಸ್ಟ್‌ಗೆ ಗೊತ್ತೇ ಇಲ್ಲದಿದ್ದರೆ ದಡದಲ್ಲಿ ಜಗಳ ಆಗುತ್ತದೆ. ಜಗಳ ಆದರೆ ಮುದುಕ ಎಷ್ಟು ಸಲ ಗೆದ್ದಾರು? ಒಂದು ಬೆಳಿಗ್ಗೆ ಸುಸ್ತಾಗಿ ಹೊರಟೇ ಬಿಡುತ್ತಾರೆ, ತಮ್ಮನ ಹಾಗೆ.

ಜುಲೈ 11, ಬೆಳಿಗ್ಗೆ 8
ಪತ್ರ ಕಳಿಸಿದೆ. ಆಗಸ್ಟ್‌ನವರಿಗೆಲ್ಲ, ಮುಂದಿನ ವಾರ ಬರುವ ಎಂಟು ಜನಕ್ಕೂ. ಒಂಬತ್ತನೆಯದನ್ನು ತೆಗೆದು... ಮೇಲಕ್ಕೆ ಹಾಕಿದೆ. ಈಗ ಅದೇ ಮೊದಲನೆಯದು. ದಪ್ಪಕ್ಷರ. ಕೆಳಗೆ ನನ್ನ ಹೆಸರು, ಪೂರ್ತಿ.

ವಾರೆನ್‌ಗೂ ಒಂದು ಪ್ರತಿ. ಕದ್ದು ಮಾಡಿದೆ ಅನ್ನಬಾರದು.

ಜುಲೈ 15
ನೋಟಿಸ್ ಬಂತು. ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ, ‘ಪುನರ್ವಿಚಾರಕ್ಕೆ ಒಳಪಟ್ಟು’. ಒಳಪಡಲಿ.

ಅದೇ ಹೊತ್ತಿಗೆ ಒಂದು ಮೇಲ್. ಡಬ್ಲಿನ್‌ನಿಂದ. ನಿಮ್ಮ ಮೊದಲ ಸಲಹೆ ಓದಿ ನಮ್ಮಮ್ಮನಿಗೆ ಧೈರ್ಯ ಬಂದಿದೆ, ಅವರೂ ಬರುತ್ತಾರಂತೆ, ಇನ್ನೊಂದು ಹಾಸಿಗೆ ಸಿಗುತ್ತದೆಯೇ? ಪ್ರಿಂಟ್ ತೆಗೆದು ವಾರೆನ್ ಮೇಜಿನ ಮೇಲಿಟ್ಟೆ. ತಕ್ಷಣ ಹೊರಟೆ. ನಿಂತು ಮಾತಾಡಿದ್ದರೆ ಪ್ರಾಸ ಬಂದುಬಿಡುತ್ತಿತ್ತು.

ಜುಲೈ 18, ಬೆಳಿಗ್ಗೆ 6.50
ದಡದಲ್ಲಿ, ಮಗುಚಿ ಹಾಕಿದ ದೋಣಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಬೆರಳು ಮರಗಟ್ಟಿದೆ. ಎಂಟು ಜನ ಬಂದಿದ್ದಾರೆ. ನಾಲ್ಕು ದೋಣಿ, ಮುಂದಿನದು ಮೊಗಲಕ್ವೆಯವರದು. ವಾರೆನ್ ಕೂಡ ಬಂದಿದ್ದಾನೆ. ಯಾವತ್ತೂ ಬರುವವನಲ್ಲ.

ಮೊಗಲಕ್ವೆ ನೀರು ನೋಡುತ್ತಿದ್ದಾರೆ.

ಇನ್ನೂ ನೋಡುತ್ತಿದ್ದಾರೆ.

“ಬೇಡ,” ಅಂದರು. ಕಾರಣ ಹೇಳಲಿಲ್ಲ. ಮಿಕ್ಕ ಮೂವರು ಗಳ ಕೆಳಗಿಟ್ಟರು.

ವಾರೆನ್ ಬಾಯಿ ತೆರೆದ. ಅಷ್ಟರಲ್ಲಿ ಗೆಸ್ಟ್‌ಗಳಲ್ಲಿ ವಯಸ್ಸಾದ ಒಬ್ಬರು, ದೊಡ್ಡ ಕ್ಯಾಮೆರಾದವರು, ಲೆನ್ಸಿಗೆ ಮುಚ್ಚಳ ಹಾಕಿ ಹುಲ್ಲಿನ ಮೇಲೆ ಕೂತರು. ಅವರ ಹೆಂಡತಿ ಕೂತರು. ಒಬ್ಬೊಬ್ಬರಾಗಿ ಎಂಟೂ ಜನ, ಅವರ ಹಿಂದೆ ಮೂವರು ಅಂಬಿಗರೂ. ಯಾರೋ ಫ್ಲಾಸ್ಕ್ ತೆರೆದರು. ಮೊಗಲಕ್ವೆಯವರಿಗೂ ಒಂದು ಕಪ್ ಚಹಾ ಹೋಯಿತು.

ಈಗ ನಿಂತಿರುವುದು ಇಬ್ಬರೇ. ಗಳ ಹಿಡಿದ ಮುದುಕ, ವಾಚು ನೋಡುವ ಮ್ಯಾನೇಜರ್. ವಾಚು ನೋಡಿದ. ನನ್ನನ್ನು ನೋಡಿದ. ನಾನು ಕಣ್ಣು ತಗ್ಗಿಸಲಿಲ್ಲ. ಪ್ಯಾಂಟಿನ ಮಂಡಿ ಮೇಲೆಳೆದುಕೊಂಡ, ಒದ್ದೆ ಹುಲ್ಲನ್ನೊಮ್ಮೆ ಮುಟ್ಟಿ ನೋಡಿದ, ಆಮೇಲೆ ನಿಧಾನವಾಗಿ ಅವನೂ ಕೂತ.