ಅಣ್ಣನ ಫೋನಿನಿಂದ ನೀನು ತೆಗೆದದ್ದು

ಪುಟ್ಟಿ,

ನಿನಗೆ ಮೊದಲ ರ‍್ಯಾಂಕ್ ಬಂದಿದೆಯೆಂದು ಪಕ್ಕದ ಮನೆಯವರು ಹೇಳಿದರು. ಸಂತೋಷ. ಡಿಜಿಟಲ್ ದಾಖಲೆಗಳನ್ನು ಕಾಪಾಡುವುದಕ್ಕೂ ಸ್ನಾತಕೋತ್ತರ ಪದವಿ ಇದೆಯೆಂದು ನೀನು ಸೇರಿದಾಗಲೇ ನಮಗೆ ಗೊತ್ತಾದದ್ದು.

ಒಳಗಿರುವುದನ್ನು ಹೊರತೆಗೆದು ತೋರಿಸುವ ಪ್ರಾಜೆಕ್ಟಿಗೆ ಕೆಟ್ಟುಹೋದ ಫೋನೊಂದು ಬೇಕು ಎಂದೆ ನೀನು. ಅಮ್ಮ ಬೀರುವಿನಿಂದ ನಿನ್ನ ಅಣ್ಣನ ಫೋನು ತಂದುಕೊಟ್ಟಳು. ನಾನು ಬೇಡವೆಂದಾಗ, "ನಿಂಗೇನಕ್ಕ ಹೊಟ್ಟೆಕಿಚ್ಚು?" ಎಂದು ಕೇಳಿದೆ.

ಅವನ ಕೊನೆಯ ದಿನಗಳಲ್ಲಿ ಅಮ್ಮ ಆಸ್ಪತ್ರೆಯ ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಎದ್ದವಳಲ್ಲ. ಸೋಂಕು ತಗಲುತ್ತದೆ, ಡಾಕ್ಟರು ಯಾರನ್ನೂ ಒಳಗೆ ಬಿಡಬೇಡ ಅಂದಿದ್ದಾರೆ ಎಂದು ನರ್ಸ್ ಹೇಳುತ್ತಿದ್ದಳು. ಮಗ ಒಳಗೆ ತನ್ನನ್ನೇ ಕರೆಯುತ್ತ ಪ್ರಾಣ ಬಿಟ್ಟನೆಂದು ಅಮ್ಮ ನಂಬಿದಳು, ಬಂದವರಿಗೆಲ್ಲ ಹೇಳಿದಳು. ಅದೊಂದನ್ನು ಹಿಡಿದುಕೊಂಡೇ ಮತ್ತೆ ಉಣ್ಣತೊಡಗಿದಳು, ಮಲಗತೊಡಗಿದಳು.

ಪ್ರಾಜೆಕ್ಟ್ ತೋರಿಸುವ ದಿನ ನೀನು ನಮ್ಮಿಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದೆ. ಪರದೆಯ ಮೇಲೆ ಏನೇನೋ ವಿವರಿಸಿದ ಮೇಲೆ, ಅವನು ಗೆಳೆಯನಿಗೆಂದು ಆಸ್ಪತ್ರೆಯಲ್ಲಿ ಮಾತಾಡಿಟ್ಟಿದ್ದ ಧ್ವನಿ ಸಂದೇಶ ಹಾಕಿದೆ.

"ಅಮ್ಮನ್ನ ಒಳಗೆ ಬಿಡಬೇಡಿ ಅಂತ ನರ್ಸ್‌ಗೆ ನಾನೇ ಹೇಳಿದೀನಿ ಕಣೋ. ಅವಳ ಅಳುಮುಖ ನೋಡ್ತಾ ಸಾಯೋಕಾಗಲ್ಲ ನಂಗೆ." ಆಮೇಲೆ ಅವಳು ಮೂಗೆಳೆಯುತ್ತ "ನನ್ನ ಕಂದಾ" ಅನ್ನುವುದನ್ನು ಅಣಕಿಸಿದ. ಅವನು ಹೇಳುತ್ತಿರುವ ಅಮ್ಮ ಅಲ್ಲೇ ಕೂತಿದ್ದಾಳೆಂದು ಆ ಜನಕ್ಕೇನು ಗೊತ್ತು? ಹಿಂದಿನಿಂದ ಯಾರೋ ಕಿಸಕ್ಕೆಂದರು. ನಿನ್ನ ಪ್ರೊಫೆಸರು ಚಪ್ಪಾಳೆ ತಟ್ಟಿದರು.

ಹೊರಗೆ ನಿನ್ನ ರಟ್ಟೆ ಹಿಡಿದು ಕೇಳಿದೆ, ಇದನ್ನು ಮೊದಲೇ ಕೇಳಿದ್ದೆಯಾ ಎಂದು.

"ಹೂಂ. ಆದ್ರೆ ಎಲ್ಲದರಲ್ಲೂ ಚೆನ್ನಾಗಿ ಉಳಿದಿದ್ದು ಅದೊಂದೇ ಅಕ್ಕ. ಇನ್ನೇನು ಹಾಕ್ಲಿ?"

ಅಮ್ಮ ಮೆಲ್ಲಗೆ, "ಅಳಿಸಿಬಿಡೇ, ನಿನ್ನ ದಮ್ಮಯ್ಯ" ಎಂದಳು. ನೀನು ನಕ್ಕೆ. "ಅಳಿಸೋಕಾಗುತ್ತಾ? ಕಾಲೇಜಿನ ಸಂಗ್ರಹಕ್ಕೆ ಸೇರಾಯ್ತು. ನಿನ್ನ ಫೋನಿಗೂ ಹಾಕಿದೀನಿ, ಇನ್ನು ಯಾವತ್ತೂ ಕಳೆದುಹೋಗಲ್ಲ" ಎಂದೆ. ಗೆಳತಿಯರು ಫೋಟೋಗೆ ಕರೆದರು, ಓಡಿದೆ.

ಅಮ್ಮ ಎಷ್ಟೋ ದಿನ ಅನ್ನದ ಮುಂದೆ ಕೂತು ಹಾಗೇ ಎದ್ದುಹೋಗುತ್ತಿದ್ದಳು. ಒಂದು ಮಧ್ಯಾಹ್ನ ಅಡುಗೆಮನೆಯಿಂದ ಅವನ ದನಿ ಕೇಳಿ ನಾನು ಓಡಿಹೋದೆ. ಫೋನನ್ನು ಕಿವಿಗೊತ್ತಿಕೊಂಡು ನೆಲದ ಮೇಲೆ ಕೂತಿದ್ದಳು. ಕಿತ್ತುಕೊಳ್ಳಲು ಹೋದೆ, ಬಿಡಲಿಲ್ಲ.

"ಇರಲಿ ಬಿಡೇ. ಅವನ ದನಿ ಇನ್ನೆಲ್ಲಿದೆ?"

ಈಗ ದಿನಾ ಕೇಳುತ್ತಾಳೆ. ಅವನು ಅಣಕಿಸುವ ಜಾಗ ಬಂದಾಗ ನನ್ನನ್ನು ಕೂಗುತ್ತಾಳೆ. "ಬಾರೇ ಇಲ್ಲಿ, ಥೇಟ್ ನನ್ನ ಹಾಗೇ ಮಾಡ್ತಾನೆ ನೋಡು" ಎಂದು ನಗುತ್ತಾಳೆ. ಅವಳ ಪಕ್ಕ ಕೂತು ನಾನೂ ನಗಬೇಕು, ಪುಟ್ಟಿ. ನಗುತ್ತೇನೆ.

ನಿನಗೆ ಒಳ್ಳೆಯ ಕೆಲಸ ಸಿಗಲಿ. ತುಂಬಾ ಮೇಲೆ ಬಾ. ಈ ಮನೆಗೆ ಮಾತ್ರ ಬರಬೇಡ.

ಇಂತಿ,
ನಿನ್ನ ಅಕ್ಕ